ದಿಂಬಿನ ಕೆಳಗಿನ ಕಬ್ಬಿಣ

ಸುಳ್ಳು ಹೇಳುವುದು ಶಿವಕಾಂತಮ್ಮನಿಗೆ ಹೊಸದೇನಲ್ಲ. ಡಬ್ಬಿ ತುಂಬ ಸಕ್ಕರೆ ಇಟ್ಟುಕೊಂಡು ನೆರೆಯವರಿಗೆ ಇಲ್ಲವೆಂದವಳು, ಕೂಲಿ ತಪ್ಪಿಸಲು ಇಲ್ಲದ ಹೊಟ್ಟೆನೋವು ತಂದುಕೊಂಡವಳು. ಅವೆಲ್ಲ ಹೊಟ್ಟೆಪಾಡಿನ ಸುಳ್ಳು, ಯಾರ ಗಂಟೂ ಹೋಗಿರಲಿಲ್ಲ. ಹದಿನೈದು ದಿನದ ಹಿಂದೆ ಅಧಿಕಾರಿಗಳ ಮುಂದೆ ಹೇಳಿದ ಸುಳ್ಳು ಮಾತ್ರ ಮೀನಿನ ಮುಳ್ಳಾಗಿ ಗಂಟಲಲ್ಲೇ ಕೂತಿತ್ತು.

"ಆ ತುಂಡು ಮನೆಯಲ್ಲಿ ಎಲ್ಲಿತ್ತಮ್ಮಾ?" ಎಂದು ಅವರು ಕೇಳಿದ್ದರು.

"ಹಿತ್ತಲದಾಗ ಕಟಗಿ ಒಟ್ಟೀನಿ ನೋಡ್ರಿ, ಅಲ್ಲೇ ಬಿದ್ದಿತ್ರಿ. ತಂದ ದಿನದಿಂದಾನೂ ಅಲ್ಲೇ," ಎಂದಿದ್ದಳು.

ತಂದವನು ಅವಳ ಗಂಡ ಭೀಮಶಾ. ವಾಡಿಯ ಹತ್ತಿರ ಬಾಗಿಲು ಮುಚ್ಚಿದ್ದ ಸಿಮೆಂಟ್ ಕಾರ್ಖಾನೆಯೊಂದನ್ನು ಬಿಚ್ಚುವ ದಿನಗೂಲಿ ಸಿಕ್ಕಿತ್ತು. ಅಲ್ಲಿ ಹೆಬ್ಬೆರಳುದ್ದದ ಉಕ್ಕಿನ ತುಂಡೊಂದು ಕಣ್ಣಿಗೆ ಬಿತ್ತು. ತಳತಳ ಹೊಳೆಯುತ್ತಿತ್ತು, ಗಾತ್ರಕ್ಕಿಂತ ತೂಕ ಹೆಚ್ಚು. ಚೊಣ್ಣದ ಕಿಸೆಯಲ್ಲಿಟ್ಟುಕೊಂಡು ಸಂಜೆಯ ತನಕ ದುಡಿದು ಮನೆಗೆ ತಂದ. ಮೂರು ವಾರದಲ್ಲಿ ತೊಡೆ ಸುಟ್ಟಂತೆ ಕಪ್ಪಾಗಿ ಕೀವು ಕಟ್ಟಿತು. ಕಲಬುರಗಿಯ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಿಗೆ ಅನುಮಾನ ಬಂತು. ಟಕಟಕ ಸದ್ದು ಮಾಡುವ ಯಂತ್ರ ಹಿಡಿದವರು ಮನೆಗೆ ಬಂದರು, ಹಿತ್ತಲಲ್ಲಿದ್ದ ತುಂಡನ್ನು ಸೀಸದ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋದರು. ಹಾಪರೆಂಬ ದೊಡ್ಡ ತೊಟ್ಟಿಯಲ್ಲಿ ಸಿಮೆಂಟು ಎಷ್ಟು ತುಂಬಿದೆ ಎಂದು ನೋಡುವ ಯಂತ್ರದ ಒಳಗಿನ ವಸ್ತುವಂತೆ ಅದು. ವಿಕಿರಣ ಎಂಬ ಮಾತು ಓಣಿಯ ಬಾಯಿಗೆ ಬಂದದ್ದು ಆವತ್ತಿನಿಂದ. ಭೀಮಶಾ ಇನ್ನೂ ಆಸ್ಪತ್ರೆಯಲ್ಲೇ ಇದ್ದ, ಕಾಲು ಉಳಿಯುವ ಭರವಸೆಯನ್ನು ಯಾರೂ ಕೊಟ್ಟಿರಲಿಲ್ಲ.

ಶಿವಕಾಂತಮ್ಮ ಬಚ್ಚಿಟ್ಟದ್ದು ಇಷ್ಟು. ಆ ತುಂಡು ಮನೆಗೆ ಬಂದಾಗ ಮಗಳು ರಾಧಿಕಾ ಹೆತ್ತು ಹನ್ನೆರಡು ದಿನ. ಬಾಣಂತಿಯ ದಿಂಬಿನ ಕೆಳಗೆ ಕಬ್ಬಿಣ ಇರಲೇಬೇಕು, ಇಲ್ಲದಿದ್ದರೆ ಗಾಳಿ ಸೋಕುತ್ತದೆ. ಅವಳೂ ಕುಡಗೋಲು ಇಟ್ಟಿದ್ದಳು. ಅಷ್ಟರಲ್ಲಿ ಬಿಳಿಜೋಳದ ಕೊಯ್ಲು ಬಂತು. ಮನೆಯಲ್ಲಿದ್ದದ್ದು ಒಂದೇ ಕುಡಗೋಲು, ಕೊಯ್ಲಿಗೆ ಹೋಗದಿದ್ದರೆ ಬಾಣಂತಿಯ ಅಂಟಿನುಂಡೆಗೆ ಕೊಬ್ಬರಿ-ಖಾರೀಕ ಎಲ್ಲಿಂದ ಬರಬೇಕು? ಕಬ್ಬಿಣ ಯಾವುದಾದರೇನು ಎಂದು ಗಂಡ ತಂದಿದ್ದ ತುಂಡನ್ನು ಹಳೇ ಸೀರೆಯ ಚೂರಿನಲ್ಲಿ ಸುತ್ತಿ, ಮಗಳಿಗೂ ಹೇಳದೆ ದಿಂಬಿನ ಕೆಳಗೆ ತುರುಕಿದಳು. ಹತ್ತು ರಾತ್ರಿ, ಹತ್ತು ಹಗಲು! ಕೊಯ್ಲು ಮುಗಿದ ಮೇಲೆ ಕುಡಗೋಲು ದಿಂಬಿನಡಿಗೆ ಮರಳಿತು, ತುಂಡು ಹಿತ್ತಲಿಗೆ ಹೋಯಿತು.

ಇವತ್ತು ವಾಡಿಯ ಶಾಲೆಯಲ್ಲಿ ಓಣಿಯವರಿಗೆಲ್ಲ ತಪಾಸಣೆ. ಡಾಕ್ಟರ್ ಭುವನೇಶ್ವರಿ ಎದುರು ಎರಡು ಪಟ್ಟಿ ಇದ್ದವು. ಮೊದಲನೆಯದರಲ್ಲಿ ಹೆಸರು ಬಂದರೆ ಬೆಂಗಳೂರಿಗೆ ಕರೆದೊಯ್ದು ಪೂರ್ತಿ ರಕ್ತ ತಪಾಸಣೆ, ಬೇಕಾದರೆ ಅಲ್ಲೇ ಚಿಕಿತ್ಸೆ, ಆಮೇಲೆ ಕಾರ್ಖಾನೆಯವರ ಪರಿಹಾರ. ಎರಡನೆಯದರಲ್ಲಿ ಬೆರಳಿಗೆ ಒಂದು ಚುಚ್ಚು, ಮನೆಗೆ ದಾರಿ.

"ನಿಮ್ಮ ಮನೆ ಶಹಾಬಾದ ಕಲ್ಲಿನ ಗೋಡೆಯದು. ತುಂಡು ಹಿತ್ತಲಲ್ಲಿತ್ತು, ಮಗಳು ಒಳಕೋಣೆಯಲ್ಲಿದ್ದಳು. ಹಾಗಾಗಿ ಎರಡನೇ ಪಟ್ಟಿ," ಎಂದರು ಡಾಕ್ಟರು. "ಕೂಸಿಗೆ ಏನೂ ಬೇಡ. ಸುಮ್ಮನೆ ಯಾಕೆ ಚುಚ್ಚೋದು?"

"ಪುಣ್ಯಾ ಬಂತು! ಮಧ್ಯಾಹ್ನದ ಗಾಡಿ ಸಿಗತದ," ಎಂದಳು ಅನಸುಬಾಯಿ. ರಾಧಿಕಾಳ ಅತ್ತೆ, ಸೊಸೆಯನ್ನೂ ಮೊಮ್ಮಗಳನ್ನೂ ಕರೆದೊಯ್ಯಲು ಬೆಳಗ್ಗೆ ನಾಲವಾರದಿಂದ ಬಂದಿದ್ದಳು. ಬಾಯಿ ಅಂದರೆ ಬಾಯಿ. ಬೀಗತಿಯ ಮನೆಯ ಚಹಾದಲ್ಲೂ ಹುಳುಕು ಹುಡುಕುವವಳು. ಸೊಸೆಯ ಸೆರಗು ಜಾರಿದಾಗ ತಲೆ ನೋಡಿ ಅವಳೇ ಸಮಾಧಾನ ಹೇಳಿದ್ದಳು: "ಕೂಸು ತಾಯಿ ಮಾರಿ ನೋಡಿ ನಗಲಿಕತ್ತಂದ್ರ ಕೂದಲಾ ಉದುರತಾವ. ನನಗೂ ಉದುರಿದ್ವು ತಗೋ."

ಸಾಲಿನಲ್ಲಿದ್ದ ಹೆಂಗಸರು ಹೌದೆಂದು ನಕ್ಕಿದ್ದರು. ಶಿವಕಾಂತಮ್ಮನಿಗೆ ನಗು ಬರಲಿಲ್ಲ. ಎಲ್ಲ ಬಾಣಂತಿಯರಿಗೂ ಕೂದಲು ತಲೆ ತುಂಬ ಉದುರುತ್ತದೆ. ರಾಧಿಕಾಳಿಗೆ ಎಡಗಡೆ ಮಾತ್ರ ಬೋಳಾಗಿತ್ತು, ತುಂಡು ಇಟ್ಟಿದ್ದ ಕಡೆ. ಕೂಸು ಮಲಗುತ್ತಿದ್ದದ್ದೂ ಅದೇ ಮಗ್ಗುಲಲ್ಲಿ. ತಿಂಗಳಿಂದ ಅದು ಬಿಳಿಚಿಕೊಂಡಿತ್ತು, ಬೆನ್ನ ಮೇಲೆ ಸಾಸಿವೆಕಾಳಿನಂಥ ಕೆಂಪು ಚುಕ್ಕೆ. ಬೆವರುಸಾಲೆ ಎಂದು ಓಣಿಯವರು ಹೇಳಿದ್ದನ್ನು ನಂಬಲು ಅವಳು ಎಷ್ಟು ಹೆಣಗಿದ್ದಳೋ ದೇವರೇ ಬಲ್ಲ.

ಈಗ ಸುಮ್ಮನಿದ್ದರೆ ಕೂಸು ಗಾಡಿ ಹತ್ತಿ ಹೋಗುತ್ತದೆ, ಅದರ ರಕ್ತವನ್ನು ಯಾರೂ ನೋಡುವುದಿಲ್ಲ. ಬಾಯಿ ಬಿಟ್ಟರೆ ಮಗಳ ಮುಖವನ್ನು ತಾನು ಹೇಗೆ ನೋಡಬೇಕು? ಈ ಬೀಗತಿ ಕೂಸು-ಬಾಣಂತಿಯನ್ನು ಇಲ್ಲೇ ಬಿಟ್ಟು ಹೋದರೆ? ಅನಸುಬಾಯಿ ಆಗಲೇ ಚೀಲ ಎತ್ತಿಕೊಂಡಿದ್ದಳು.

"ಡಾಕ್ಟರಬಾಯಾರ, ತಡೀರಿ," ಎಂದಳು ಶಿವಕಾಂತಮ್ಮ. "ನಾ ಸುಳ್ಳ ಹೇಳೀನ್ರಿ. ಅದು ಹಿತ್ತಲದಾಗ ಇರಲಿಲ್ರಿ. ಕೂಸಿನ ತಲಿ ಹತ್ರ ಇತ್ತು. ಹತ್ತ ದಿನಾ. ದಿಂಬಿನ ಬುಡಕ ನಾನೇ ಇಟ್ಟಿದ್ದೆ."

ಡಾಕ್ಟರರ ಪೆನ್ನು ನಿಂತಿತು. ಅವರು ಕೂಸಿನ ಅಂಗಿ ಎತ್ತಿ ಬೆನ್ನು ನೋಡಿದರು, ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದರು.

ಅಷ್ಟರಲ್ಲಿ ಬಾಯಿ ಹಾಕಿದವನು ಪಕ್ಕದಲ್ಲಿ ಕೂತಿದ್ದ ಕಾರ್ಖಾನೆಯ ಪ್ರತಿನಿಧಿ ಬಸವಂತರಾಯ. "ಹಂಗಿದ್ರ ಇದು ಬ್ಯಾರೆ ಮಾತಾತು, ಮೇಡಮ್ಮರ. ಮನಿಯವರೇ ಒಯ್ದು ತಲಿ ಕೆಳಗ ಇಟ್ಟಾರ. ಇದಕ್ಕ ಕಂಪನಿ ಹ್ಯಾಂಗ ಜವಾಬ್ದಾರಿ ಆಗತದ? ಪರಿಹಾರ ಸಿಗಂಗಿಲ್ಲ. ವಿಚಾರ ಮಾಡಿ ಮಾತಾಡವಾ, ಮೇಡಮ್ಮರು ಇನ್ನೂ ಬರಕೊಂಡಿಲ್ಲ."

"ನಿಮ್ಮ ಪರಿಹಾರಕ್ಕ ಬೆಂಕಿ ಹಚ್ರಿ!" ಶಿವಕಾಂತಮ್ಮ ಕೂಗಿದ ಸದ್ದಿಗೆ ಇಡೀ ಸಾಲು ತಿರುಗಿ ನೋಡಿತು. "ನಾ ಏನ್ ಓದಿದಾಕಿ ಏನ್ರಿ? ಅದರ ಮ್ಯಾಲ ಒಂದು ಗುರುತಾದ್ರೂ ಹಾಕಿದ್ರೇನು? ಕಬ್ಬಿಣ ಅಂತ ಇಟ್ಟೆ. ಕೂಸಿನ ರಗತಾ ನೋಡ್ರಿ ಮೊದಲ. ಬರಕೋರಿ, ನಾನೇ ಇಟ್ಟೀನಂತ ಬರಕೋರಿ!"

ಹೇಳಿ ಮುಗಿದ ಮೇಲೆ ಅವಳಿಗೆ ಮಗಳ ಕಡೆ ತಿರುಗುವ ಧೈರ್ಯ ಬರಲಿಲ್ಲ. ಬೈಯಲಿ, ಅಳಲಿ, ಬೇಕಾದರೆ ಹೊಡೆಯಲಿ ಎಂದುಕೊಂಡಳು. ರಾಧಿಕಾ ಅದ್ಯಾವುದನ್ನೂ ಮಾಡಲಿಲ್ಲ. ತಲೆಯ ಎಡಭಾಗ ಮುಟ್ಟಿ ನೋಡಿಕೊಂಡಳು, ಅಷ್ಟೆ.

ಬೈಯಬೇಕಾಗಿದ್ದವಳು ಅನಸುಬಾಯಿ. ಅವಳು ಚೀಲ ಕೆಳಗಿಟ್ಟು ಬಸವಂತರಾಯನ ಎದುರು ಹೋಗಿ ನಿಂತಳು. "ಕಬ್ಬಿಣಾ ಇಡೋದು ನಮ್ಮ ಮನ್ಯಾಗೂ ಅದ. ನಾ ಇದ್ರೂ ಅದನ್ನೇ ಇಡತಿದ್ದೆ. ಡಾಕ್ಟರಬಾಯಾರ, ಬರೀರಿ. ಕೂಸಿನ ಹೆಸರು ಪ್ರೀತಿ."

ಶಿವಕಾಂತಮ್ಮನ ಕಣ್ಣು ತುಂಬಿ ಬಂತು. ಇಂಥ ಬೀಗತಿಯನ್ನು ಇಷ್ಟು ದಿನ ಮನಸ್ಸಿನಲ್ಲೇ ಎಷ್ಟು ಬೈದಿದ್ದೆನಲ್ಲ ಎಂದು ನಾಚಿಕೆಯಾಯಿತು.

ಡಾಕ್ಟರು ಮೊದಲನೇ ಪಟ್ಟಿ ಎಳೆದುಕೊಂಡು ಎರಡು ಹೆಸರು ಬರೆದರು. "ಈವತ್ತೇ ಹೊರಡಬೇಕು, ತಡ ಮಾಡೋ ಹಾಗಿಲ್ಲ. ಆಂಬುಲೆನ್ಸಿನಲ್ಲಿ ಜೊತೆಗೆ ಒಬ್ಬರಿಗೇ ಜಾಗ. ತಿಂಗಳುಗಟ್ಟಲೆ ಇರಬೇಕಾಗಬಹುದು. ಯಾರು ಬರ್ತೀರಿ?"

"ನಾನೇ ಬರ್ತೀನ್ರಿ. ಶಿವಕಾಂತಮ್ಮ ಅಂತ," ಎಂದು ಅವಳು ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದಳು. ಹೆಣ್ಣು ಹೆತ್ತವಳು ತಾನು, ಇನ್ನಾರು ಹೋಗಬೇಕು?

ರಾಧಿಕಾ ಕೂಸನ್ನು ಎದೆಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

"ಬ್ಯಾಡ್ರಿ," ಎಂದಳು ಡಾಕ್ಟರರ ಕಡೆ ನೋಡುತ್ತ. "ಅತ್ತಿ ಹೆಸರ ಬರಕೋರಿ."