ಒಂದೇ ಪೆಟ್ಟಿಗೆ, ಐದು ವಿಳಾಸ

ಕರೆಂಟು ಬಂದ ತಕ್ಷಣ ಸಂಗೀತಾ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲ ಕೆಳಗಿನ ಗೂಡಿಗೆ ನುಗ್ಗಿದಳು. ಪರಿಚಯದವರ ವೆಬ್‌ಸೈಟುಗಳನ್ನೆಲ್ಲ ನಡೆಸುತ್ತಿದ್ದ ಅಪ್ಪನ ಸರ್ವರ್ ಇದ್ದದ್ದು ಅಲ್ಲಿ. ಬನಶಂಕರಿಯ ಆ ಮನೆಯ ಹಾಲಿನಲ್ಲಿ ಅಪ್ಪ ಜಯದೇವಪ್ಪನವರು ವಿಭೂತಿ ಧರಿಸಿ, ಹೂವಿನ ನಡುವೆ ಕೂತಿದ್ದರು. ಎಪ್ಪತ್ತೊಂದಕ್ಕೆ, ನಿದ್ದೆಯಲ್ಲೇ, ಯಾರಿಗೂ ತೊಂದರೆ ಕೊಡದೆ ಲಿಂಗೈಕ್ಯರಾಗಿದ್ದರು. ಪುಣ್ಯಾತ್ಮ!

ಮೂರು ಗಂಟೆಗೆ ಸಮಾಧಿಗೆ ಹೊರಡಬೇಕು. ಅಷ್ಟರೊಳಗೆ ದಾವಣಗೆರೆಯ ಬಸವಲಿಂಗಮ್ಮ ತಮ್ಮನ ಮುಖ ನೋಡಬೇಕು. ಎತ್ತಿ ಆಡಿಸಿದ ಅಕ್ಕ. ಎಂಬತ್ತೈದು ದಾಟಿದೆ, ಕಾರು ಹತ್ತುವ ಸ್ಥಿತಿಯಿಲ್ಲ. ಫೋನಿನ ಪರದೆ ಅವರ ಕಣ್ಣಿಗೆ ಸಾಲದು ಅಂತ ಜಯದೇವಪ್ಪನವರೇ ಈ ಹಾಲಿನ ಕ್ಯಾಮೆರಾ ಚಿತ್ರ ಕಾಣುವಂತೆ ಅವರ ಟೀವಿಯನ್ನು ಈ ಸರ್ವರಿಗೆ ಜೋಡಿಸಿಕೊಟ್ಟಿದ್ದರು. ಈಗ ಆ ಟೀವಿ ಕಪ್ಪಗಿದೆ.

"ನನ್ನ ಕ್ಲಿನಿಕ್ ವೆಬ್‌ಸೈಟೂ ನಿಂತುಹೋಗಿದೆ ಕಣಮ್ಮ," ಎಂದರು ಹಲ್ಲಿನ ಡಾಕ್ಟರ್ ಸೋಮನಾಥ್.

"ನಂದೂ ಅಷ್ಟೇ," ಎಂದ ಫೋರ್ತ್ ಬ್ಲಾಕಿನ ಹೂವಿನಂಗಡಿ ಮುನಿಯಣ್ಣ. "ನನಗೇ ಅಂತ ಒಂದು ಮಷೀನ್ ಇಟ್ಟವ್ರೆ ಅಂದ್ಕೊಂಡಿದ್ದೆ. ಎಲ್ಲಿದೆ?"

ಸಂಗೀತಾ ಸರ್ವರ್ ಪೆಟ್ಟಿಗೆ ತೋರಿಸಿದಳು. "ಎಲ್ಲರದ್ದೂ ಇದೇ ಅಣ್ಣ. ಒಂದೇ ತಂತಿ ಮೇಲೆ ಐದು ವಿಳಾಸ ಹಾಕಿದ್ರು."

"ಒಂದೇ ಮನೆಗೆ ಐದು ಡೋರ್ ನಂಬರ್ರಾ? ಭಲೇ ಯಜಮಾನ್ರೇ!"

ನಗು ಹಾಲಿನವರೆಗೂ ಹಬ್ಬಿತು.

"ಕರೆಂಟ್ ಹೋದ್ರೆ ಐದೂ ಅಳಿಸಿಹೋಗುತ್ತೆ. ಯಾರಿಗೆ ಯಾವ ಅಂಕಿ ಅಂತ ಅಪ್ಪ ಎಲ್ಲೂ ಬರೆದಿಟ್ಟಿಲ್ಲ," ಎಂದಳು ಸಂಗೀತಾ. ಅವಳಿಗೆ ನಗು ಬರಲಿಲ್ಲ.

*

ಸರ್ವರಿನಲ್ಲೇ ಬರೆದಿಡಿ, ತಾನಾಗೇ ಬರುತ್ತೆ ಎಂದು ಅವಳು ಹತ್ತು ವರ್ಷ ಜಗಳವಾಡಿದ್ದಳು. ಜಯದೇವಪ್ಪ ಜಗ್ಗಲಿಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ ಪಂಚೆ ಎತ್ತಿಕಟ್ಟಿ ಗೂಡಿಗೆ ಇಳಿದು, ಅಂಕಿ, ಹೆಸರು ಎರಡನ್ನೂ ಗಟ್ಟಿಯಾಗಿ ಹೇಳುತ್ತ ಒಂದೊಂದಾಗಿ ಒತ್ತುತ್ತಿದ್ದರು.

"ಹೆಸರು ಹೇಳ್ತಿದ್ರೆ ನನಗೆ ಜನ ನೆನಪಿರ್ತಾರೆ ಕಣೇ. ಬರೆದಿಟ್ರೆ ಪೆಟ್ಟಿಗೆಗೆ ನೆನಪಿರುತ್ತೆ, ಅಷ್ಟೆ."

ಮುದುಕನ ಹಟ! ಹೊರಗೆ ಹುರುಳಿಕಾಯಿ ಸೋಸುತ್ತ ಹೆಂಡತಿ ಜಯಶೀಲಮ್ಮ ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

*

"ನಲವತ್ತೊಂದು ಡಾಕ್ಟ್ರು," ಎಂದರು ಜಯಶೀಲಮ್ಮ, ಗಂಡನ ಪಕ್ಕದಿಂದ ಎದ್ದು ಬಂದು. "ನಲವತ್ತೆರಡು ಟ್ಯೂಷನ್ ಸುನಿತಾ. ನಲವತ್ಮೂರು ಮುನಿಯಣ್ಣ. ನಲವತ್ನಾಲ್ಕು ಲೈಬ್ರರಿ."

ಸಂಗೀತಾ ಬಾಯಿ ಬಿಟ್ಟುಕೊಂಡೇ ಒತ್ತಿದಳು.

"ನಂದು ಬಂತು!" ಎಂದರು ಡಾಕ್ಟರು. ಮುನಿಯಣ್ಣ ಶಿಳ್ಳೆ ಹೊಡೆಯಲು ಹೋಗಿ ನಾಲಿಗೆ ಕಚ್ಚಿಕೊಂಡ.

ದಾವಣಗೆರೆಯ ಟೀವಿ ಮಾತ್ರ ಇನ್ನೂ ಕಪ್ಪು. ಎರಡೂಮುಕ್ಕಾಲಾಗಿತ್ತು.

"ಐದನೇದು, ನಮ್ಮನೇದು ಏನಮ್ಮ? ಅತ್ತೆ ಟೀವಿಗೆ ಚಿತ್ರ ಹೋಗೋದು ಅದರಿಂದ್ಲೇ."

"ಅದು... ಬಿಡೇ." ಅರವತ್ತೈದರ ಜಯಶೀಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಇಷ್ಟು ಜನರ ಮುಂದೆ!"

"ಅಮ್ಮಾ, ಅತ್ತೆ ಕಾಯ್ತಿದಾರೆ!"

"ನಲವತ್ತೈದು," ಎಂದರು ನೆಲ ನೋಡುತ್ತ. "ನಲವತ್ತೈದು, ನನ್ನ ಶೀಲು."

ಮನೆಯೆಲ್ಲ ಹೋ ಎಂದು ನಕ್ಕಿತು, ಅಳುತ್ತಲೇ ನಕ್ಕಿತು. ಕಣ್ಣು ಮಂಜಾಗಿ ಸಂಗೀತಾ ಎರಡು ಸಲ ತಪ್ಪು ಒತ್ತಿದಳು. ಮೂರನೇ ಸಲ ಸರಿಹೋಯಿತು.

ಸ್ಪೀಕರಿಗೆ ಹಾಕಿದ್ದ ಫೋನಿನಿಂದ ಬಸವಲಿಂಗಮ್ಮನ ದನಿ ಮೊಳಗಿತು. "ಬಂದ! ನನ್ನ ತಮ್ಮ ಬಂದ ನೋಡ್ರಿ! ಏನ್ ಲಕ್ಷಣವಾಗಿ ಕುಂತಾನ! ಏ ಶೀಲಾ, ಪೇಟ ಸೊಟ್ಟ ಆಗೈತಲ್ಲ, ಸರಿ ಮಾಡವ್ವ."

ಜಯಶೀಲಮ್ಮ ಗಂಡನೆದುರು ಮಂಡಿಯೂರಿ ಎರಡೂ ಕೈಯಿಂದ ಪೇಟ ನೆಟ್ಟಗೆ ಮಾಡಿದರು. ಹಿಂದೆ ಸರಿದು ನೋಡಿದರು. ಮತ್ತೆ ಹತ್ತಿರ ಹೋಗಿ ಒಂಚೂರು ಎಡಕ್ಕೆ ತಿರುಗಿಸಿದರು.