ಕಟ್ಟು ಬಿಚ್ಚದ ಹನ್ನೊಂದು ದಿನ

ಮೆಣಸು ಕೊಯ್ಲು ಶುರುವಾಯಿತೆಂದರೆ ನಮ್ಮ ಶನಿವಾರಸಂತೆ ಸುತ್ತಿನ ಊರುಗಳಲ್ಲಿ ಯಾರಾದರೊಬ್ಬರು ಏಣಿಯಿಂದ ಬೀಳುತ್ತಾರೆ. ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಮರ ಉದ್ದ, ಬಿದಿರಿನ ಏಣಿಯೂ ಉದ್ದ, ಕಟ್ಟುವ ಹಗ್ಗ ಮಾತ್ರ ಹಳೆಯದು. ಹೋದ ವರ್ಷ ಬಿದ್ದವನು ನನ್ನ ತಮ್ಮನ ಮಗ ನಂದೀಶ. ತಮ್ಮ ತೀರಿಕೊಂಡ ಮೇಲೆ ಅವನ ಹೆಂಡತಿ ರುದ್ರಮ್ಮ, ನಂದೀಶ, ನಾನು ಒಂದೇ ಮನೆಯಲ್ಲಿದ್ದೇವೆ.

ಎಡಗಾಲು ಮೊಣಕಾಲಿನ ಕೆಳಗೆ ಮುರಿದಿತ್ತು. ಚರ್ಮ ಸೀಳಿ ಮೂಳೆಯ ಬಿಳಿ ತುದಿ ಕಾಣುತ್ತಿತ್ತು. ಪಕ್ಕದ ಮನೆಯ ಕುಸುಮಾ ಆಶಾ ಕಾರ್ಯಕರ್ತೆ. ಓಡಿ ಬಂದವಳು, ಗಾಯ ಬಾಯಿ ಬಿಟ್ಟಿದೆ, ಈಗಲೇ ಆಸ್ಪತ್ರೆಗೆ ಹೋಗಬೇಕು, 108ಕ್ಕೆ ಫೋನ್ ಮಾಡುತ್ತೇನೆ ಎಂದಳು. ಬೇಡ ಎಂದವನು ನಾನು. ನಲವತ್ತು ವರ್ಷದ ಹಿಂದೆ ನನ್ನ ಕೈ ಮುರಿದಾಗ ನಾಟಿ ವೈದ್ಯರೊಬ್ಬರು ಕಟ್ಟಿದ್ದರು. ಇವತ್ತಿಗೂ ಆ ಕೈಯಲ್ಲಿ ಕೊಡಲಿ ಹಿಡಿಯುತ್ತೇನೆ. ನನ್ನದು ಚರ್ಮ ಹರಿಯದ ಮುರಿತ, ಇವನದು ಹಾಗಲ್ಲ ಎಂಬ ವ್ಯತ್ಯಾಸ ನನಗೆ ತಿಳಿದಿರಲಿಲ್ಲ.

ಆ ವೈದ್ಯರ ಮಗ ಬಂದ. ಸೊಪ್ಪು ಅರೆದು ಹಾಕಿ, ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದ. ಮೂರು ದಿನ ಬಿಟ್ಟು ಬಂದು ನೋಡುತ್ತೇನೆ ಎಂದು ಹೇಳಿ ಹೋದ. ಮರುದಿನವೇ ಅವನ ಮನೆಯಲ್ಲಿ ಸಾವಾಯಿತು. ಕಟ್ಟಿದ ಕೈಯೇ ಬಿಚ್ಚಬೇಕು, ಬೇರೆಯವರು ಮುಟ್ಟಿದರೆ ಮೂಳೆ ಕೂಡುವುದಿಲ್ಲ ಎಂದು ನಮ್ಮ ಮನೆಯಲ್ಲಿ ಹಿಂದಿನಿಂದ ನಂಬಿದ್ದೆವು. ಸೂತಕದ ಮನೆಯವನನ್ನು ಕರೆಯುವುದು ಹೇಗೆ? ಅವರ ಹನ್ನೊಂದನೆಯ ದಿನದ ಕಾರ್ಯ ಮುಗಿಯಲಿ ಎಂದು ಕಾದೆವು.

ಕುಸುಮಾ ಎರಡು ಸಲ ಬಂದು, ಬೆರಳು ಕಪ್ಪಾಗುತ್ತಿದೆ, ವಾಸನೆ ಬರುತ್ತಿದೆ ಎಂದು ಹೇಳಿದಳು. ಎರಡು ಸಲವೂ ನಾನು ಅವಳನ್ನು ಬಾಗಿಲಿನಿಂದಲೇ ಕಳಿಸಿದೆ.

"ದೊಡ್ಡಪ್ಪ, ಒಳಗೆ ಏನೋ ಹರಿದಂಗಾಯ್ತದೆ. ಬಿಚ್ಚಿ," ಎಂದು ನಂದೀಶ ಜ್ವರದಲ್ಲಿ ಕೇಳಿದ.

"ಇನ್ನ ನಾಕು ದಿನ ತಡ್ಕ ಮಗ," ಎಂದೆ.

ಕಟ್ಟು ಕಟ್ಟಿದ ಹನ್ನೊಂದನೆಯ ದಿನ ಕುಸುಮಾ ಕತ್ತರಿ ತಂದು, ಯಾರನ್ನೂ ಕೇಳದೆ ಕಟ್ಟು ಕತ್ತರಿಸಿದಳು. ಒಳಗೆ ಇದ್ದದ್ದನ್ನು ಬರೆಯಲಾರೆ. ರುದ್ರಮ್ಮ ಅಂಗಳಕ್ಕೆ ಓಡಿಹೋದಳು.

ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಐದು ಸಲ ಗಾಯ ತೊಳೆದರು. ಸತ್ತ ಮೂಳೆಯನ್ನು ತೆಗೆದ ಮೇಲೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಉಳಿಯಿತು. ಕಾಲಿನ ಹೊರಗೆ ಸ್ಟೀಲ್ ಕಂಬಿ ಹಾಕಿ ಹಿಡಿದು ನಿಲ್ಲಿಸಿದರು. ಕೀವು ಪೂರ್ತಿ ನಿಂತರೆ ಆ ಜಾಗ ತುಂಬಿಸುವ ದಾರಿ ನೋಡೋಣ, ನಿಲ್ಲದಿದ್ದರೆ ಕಾಲು ತೆಗೆಯಬೇಕು ಎಂದು ಡಾಕ್ಟರಮ್ಮ ಹೇಳಿದರು. ಕೀವು ನಿಲ್ಲಲು ಎಂಟು ತಿಂಗಳು ಹಿಡಿಯಿತು.

ಅಷ್ಟರಲ್ಲಿ ನೆಂಟ ತೀರ್ಥಪ್ರಸಾದ್ ಒಂದು ಚೀಟಿ ತಂದ. ಯಾವುದೋ ಪಟ್ಟಣದಲ್ಲಿ ಸ್ಟೆಮ್ ಸೆಲ್ ಸೂಜಿಯಂತೆ, ಮೂರು ಸೂಜಿಗೆ ಮೂಳೆ ಬೆಳೆಯುವುದು ಗ್ಯಾರಂಟಿಯಂತೆ. ನನಗೂ ಆಸೆಯಾಯಿತು. ಕುಸುಮಾ ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿ, ಇದಕ್ಕೆ ಸರ್ಕಾರದ ಒಪ್ಪಿಗೆ ಪತ್ರ ಇದೆಯೇ, ರೋಗಿಗಳ ಮೇಲಿನ ಪರೀಕ್ಷೆಗಳನ್ನು ಪರಿಶೀಲಿಸುವ ಯಾವ ನೈತಿಕ ಸಮಿತಿ ನೋಡಿದೆ ಎಂದು ಕೇಳಿದಳು. ಆ ಕಡೆಯವರು ಫೋನ್ ಇಟ್ಟುಬಿಟ್ಟರು.

ನಿಜವಾದ ಸ್ಟೆಮ್ ಸೆಲ್ ವಿಚಾರ ಹೇಳಿದ್ದು ಡಾಕ್ಟರಮ್ಮ. ನಮಗೆ ಅರ್ಥವಾಗುವ ಹಾಗೆ ಕುಸುಮಾ ಮತ್ತೆ ಬಿಡಿಸಿ ಹೇಳಿದಳು. ಸೊಂಟದ ಮೂಳೆಯೊಳಗಿನ ಮಜ್ಜೆಯಲ್ಲಿ ಮೂಳೆಯಾಗಬಲ್ಲ ಜೀವಕಣಗಳಿರುತ್ತವೆ, ಅವೇ ಸ್ಟೆಮ್ ಸೆಲ್. ರೋಗಿಯ ಮೈಯಿಂದಲೇ ಅವನ್ನು ತೆಗೆದು ಬೆಳೆಸುತ್ತಾರೆ. ಬರೀ ಕಣ ಹಾಕಿದರೆ ನಿಲ್ಲುವುದಿಲ್ಲ, ಅವರೆ ಬಳ್ಳಿಗೆ ಚಪ್ಪರ ಬೇಕಲ್ಲ, ಹಾಗೆ ಸಣ್ಣ ಸಣ್ಣ ತೂತಿರುವ ಒಂದು ಹಂದರ ಬೇಕು. ಖಾಲಿ ಜಾಗದಲ್ಲಿ ಆ ಹಂದರ ಇಡುತ್ತಾರೆ. ಕಣಗಳು ಅದರೊಳಗೆ ಹಬ್ಬಿ ಮೂಳೆ ಕಟ್ಟಬೇಕು, ಹಂದರ ನಿಧಾನವಾಗಿ ಕರಗಬೇಕು. ಇದು ಇನ್ನೂ ಪರೀಕ್ಷೆಯ ಹಂತದಲ್ಲಿದೆ, ಆಗಿಯೇ ಆಗುತ್ತದೆಂದು ಯಾರೂ ಹೇಳಲಾರರು, ಪರೀಕ್ಷೆಗೆ ಸೇರಿದವರಿಂದ ಇದಕ್ಕೆ ದುಡ್ಡು ಕೇಳುವಂತಿಲ್ಲ ಎಂದೂ ಡಾಕ್ಟರಮ್ಮ ತಿಳಿಸಿದರು.

"ಆ ಹಂದರ ಯಾತರಲ್ಲಿ ಮಾಡಿರ್ತಾರೆ?" ಎಂದು ರುದ್ರಮ್ಮ ಕೇಳಿದಳು.

ಡಾಕ್ಟರಮ್ಮ ಮುಚ್ಚಿಡಲಿಲ್ಲ. ಕೆಲವು ಕಡೆ ಬೇರೆ ವಸ್ತುವಿನದೂ ಇದೆ, ಇಲ್ಲಿಯ ಪರೀಕ್ಷೆಯಲ್ಲಿ ದನದ ಮೂಳೆಯದು ಎಂದರು. ರುದ್ರಮ್ಮನ ಕೈ ಕೊರಳ ಲಿಂಗಕ್ಕೆ ಹೋಯಿತು.

"ಲಿಂಗ ಕಟ್ಟಿರೋ ಮೈಗೆ ದನದ ಮೂಳೆನಾ? ಬ್ಯಾಡ ಕಣವ್ವ. ಬೇಕಾದ್ರೆ ಕಾಲೇ ತೆಗೀಲಿ."

"ಯಾರ ಕಾಲವ್ವ ತೆಗೀಲಿ ಅಂತಿರೋದು?" ಎಂದ ನಂದೀಶ.

ಡಾಕ್ಟರಮ್ಮ ಸ್ಟೂಲ್ ಎಳೆದುಕೊಂಡು ಕೂತರು. ನೀವು ಕೇಳಿದ್ದು ಸರಿ, ಎಲ್ಲರೂ ಕೇಳಬೇಕು, ಬೇಡವೆಂದರೆ ಉಳಿದ ಚಿಕಿತ್ಸೆ ನಿಲ್ಲುವುದಿಲ್ಲ ಎಂದರು. ಅತಿ ಬಿಸಿಯಲ್ಲಿ ಸುಟ್ಟು ಮಾಂಸ, ಜಿಡ್ಡು ಎಲ್ಲ ಹೋದ ಮೇಲೆ ಉಳಿಯುವ ಸುಣ್ಣದಂಥ ಭಾಗ ಮಾತ್ರ ಅದು ಎಂದು ವಿವರಿಸಿದರು. ಕುಸುಮಾ ನಡುವೆ, "ವಿಭೂತಿನೂ ಸಗಣಿ ಸುಟ್ಟೇ ಅಲ್ವಾ ರುದ್ರಕ್ಕ ಮಾಡೋದು?" ಎಂದಳು.

"ಸಗಣಿನೂ ಮೂಳೆನೂ ಒಂದೇ ಮಾಡ್ಬ್ಯಾಡ ನೀನು," ಎಂದಳು ರುದ್ರಮ್ಮ.

ಆಗ ನಂದೀಶ ತಾಯಿಯ ಕಡೆ ತಿರುಗಿದ. "ಅವ್ವ, ನಾನದನ್ನ ತಿನ್ನಲ್ಲ. ಅದರ ಮೇಲೆ ನಿಲ್ತೀನಿ ಅಷ್ಟೇ."

ರುದ್ರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಒಪ್ಪಿಗೆ ಪತ್ರವನ್ನು ಕುಸುಮಾ ಕೈಯಲ್ಲಿ ಎರಡು ಸಲ ಓದಿಸಿ ಕೇಳಿದಳು. ನಂದೀಶ ಸಹಿ ಹಾಕಿದ ಮೇಲೆ ಕೆಳಗೆ ಸಾಕ್ಷಿಯ ಜಾಗದಲ್ಲಿ ತಾನೂ ಹಾಕಿದಳು.

ಆಪರೇಷನ್ ಆಗಿ ಐದು ತಿಂಗಳಾಯಿತು. ಎಕ್ಸ್‌ರೇಯಲ್ಲಿ ಮೇಲಿನ ತುದಿಗೆ ಮಂಜಿನಂತೆ ಬೆಳ್ಳಗೆ ಏನೋ ಕಟ್ಟಿದೆ, ಅದು ಹೊಸ ಮೂಳೆ ಎನ್ನುತ್ತಾರೆ. ಕೆಳಗಿನ ತುದಿ ಇನ್ನೂ ಕೂಡಿಲ್ಲ. ಇನ್ನಾರು ತಿಂಗಳು ನೋಡಬೇಕಂತೆ, ಆಗಲೂ ಕೂಡದಿದ್ದರೆ ಕಾಲು ತೆಗೆಯುವ ಮಾತು ಮತ್ತೆ ಬರುತ್ತದೆ. ನಂದೀಶ ಊರುಗೋಲು ಹಿಡಿದು ಬಾಗಿಲವರೆಗೆ ಹೋಗಿ ಬರುತ್ತಾನೆ. ನನ್ನ ಮೇಲೆ ಒಂದು ದಿನವೂ ಸಿಟ್ಟು ಮಾಡಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಬಿದ್ದ ದಿನವೇ ಕರೆತಂದಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರಮ್ಮನನ್ನು ನಾನೇ ಕೇಳಿದೆ. ಗಾಯ ತೊಳೆದು ಒಂದು ರಾಡ್ ಹಾಕಿದ್ದರೆ ಬಹುಶಃ ಸಾಕಾಗುತ್ತಿತ್ತು ಎಂದರು.

ಓದುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಮೂಳೆ ಮುರಿದ ಕಡೆ ಗಾಯವಿದ್ದರೆ ಸೊಪ್ಪು, ಅರಿಶಿನ, ಕಾಫಿಪುಡಿ ಹಾಕಬೇಡಿ. ತಿಕ್ಕಬೇಡಿ, ಮೂಳೆಯನ್ನು ಒಳಗೆ ತಳ್ಳಬೇಡಿ. ಶುದ್ಧ ಬಟ್ಟೆ ಮುಚ್ಚಿ, ಕಾಲು ಅಲುಗದಂತೆ ಹಲಗೆ ಕೊಟ್ಟು, ಆ ಗಳಿಗೆಯಲ್ಲೇ 108ಕ್ಕೆ ಫೋನ್ ಮಾಡಿ. ಬೆರಳು ಕಪ್ಪಾದರೆ, ವಾಸನೆ ಬಂದರೆ ಕಟ್ಟಿದವರಿಗಾಗಿ ಕಾಯಬೇಡಿ. ಸ್ಟೆಮ್ ಸೆಲ್ ಹೆಸರಿನಲ್ಲಿ ಗ್ಯಾರಂಟಿ ಮಾರುವವರು ಬಂದರೆ ಸರ್ಕಾರದ ಒಪ್ಪಿಗೆ ಪತ್ರ ಕೇಳಿ. ದೊಡ್ಡ ಆಸ್ಪತ್ರೆಯಲ್ಲಾದರೂ ಮೈಯೊಳಗೆ ಏನು ಇಡುತ್ತಾರೆ, ಅದು ಯಾತರದು ಎಂದು ಕೇಳಿ ತಿಳಿದೇ ಸಹಿ ಹಾಕಿ. ಮನೆಯಲ್ಲಿ ನನ್ನಂಥ ಹಿರಿಯನೊಬ್ಬ ಬೇಡ ಎಂದರೆ, ಅವನ ಮಾತನ್ನು ಮೀರಿ ಹೊರಡಿ. ಹೊಸ ವಿದ್ಯೆ ಬಂದಿರುವುದು ನಿಜ. ಆದರೆ ಅದು ಕೆಲಸ ಮಾಡಬೇಕಾದರೆ, ಜೀವವಿರುವ ಮೂಳೆಯನ್ನು ಮೊದಲ ದಿನವೇ ನಾವು ಉಳಿಸಿಕೊಡಬೇಕು.