ಟೀವಿ ಹೇಳಿದ ಬಿಸಿಲು

“ಏಳಲೇ ಗ್ರಿಗೋರೆ. ನಿಮ್ಮಪ್ಪನ ಮದುವೆಗೆ ಬಂದಂಗೆ ಕಾಲು ಚಾಚ್ಕಂಡು ಕುಂತಿದ್ದೀಯಲ್ಲ, ಹಲ್ಕಾ ನನ್ಮಗನೆ.”

ಮನೊಲಾಕೆ ಹೀಗೆ ಕೂಗಿದಾಗ ಗ್ರಿಗೋರೆ ಇನ್ನೂ ನೀರಿನ ಬಾಟಲಿಯ ಮುಚ್ಚಳ ಕೂಡ ತೆಗೆದಿರಲಿಲ್ಲ. ಸೋಲಾರ್ ಹಲಗೆಯ ಒಂದು ತುದಿ ಅವನದು, ಇನ್ನೊಂದು ತುದಿ ಅವನ ಹೆಂಡತಿ ಸ್ಮಾರಾಂದಳದು. ಬೆಳಗಿನಿಂದ ಇಬ್ಬರೂ ಹೆಣ ಹೊತ್ತ ಹಾಗೆ ಆ ಹಲಗೆಗಳನ್ನು ಲಾರಿಯಿಂದ ಇಳಿಸಿ, ಕಾದ ಮರಳಲ್ಲಿ ಕಾಲು ಹೂತುಕೊಳ್ಳುತ್ತ, ಕಬ್ಬಿಣದ ಚೌಕಟ್ಟುಗಳ ತನಕ ಹೊರುತ್ತಿದ್ದರು. ಗಂಡ ಕೂತದ್ದು ಕಂಡು ಸ್ಮಾರಾಂದ ತನ್ನ ತುದಿಯನ್ನೂ ಕೆಳಗಿಟ್ಟಳು.

“ಸಾಹೇಬ್ರೆ, ಒಂದು ಗುಟುಕು ನೀರು ಕುಡೀಲಿ ಬಿಡಿ. ಆವತ್ತು ಬಿದ್ದಿದ್ನಲ್ಲ, ನಿಮಗೇ ಗೊತ್ತು” ಅಂದಳು.

“ಬಿದ್ದಿದ್ದು ಬಿಸಿಲಿಗಲ್ಲ, ಪ್ಲಮ್ ಸಾರಾಯಿಗೆ” ಎಂದು ಮನೊಲಾಕೆ ಮೊಬೈಲ್ ತೆಗೆದು ಅವಳ ಮೂಗಿನ ಮುಂದೆ ಹಿಡಿದ. “ನೋಡಿಲ್ಲಿ. ಮೂವತ್ತಾರು. ಮೂವತ್ತಾರಕ್ಕೆ ಯಾವ ಬೋಳಿಮಗನೂ ಸಾಯಲ್ಲ.”

ಆ ಮೂವತ್ತಾರು ಬರುತ್ತಿದ್ದದ್ದು ಅಕೇಶಿಯಾ ತೋಪಿನ ನೆರಳಲ್ಲಿ ಕಂಬದ ಮೇಲೆ ಕೂತಿದ್ದ ಬಿಳಿ ಪೆಟ್ಟಿಗೆಯಿಂದ. ಸುತ್ತಲೂ ಗಾಳಿಯಾಡಲು ಸೀಳುಗಳು, ಮುಂದೊಂದು ಪುಟ್ಟ ಬಾಗಿಲು, ಒಳಗೆ ಬೆರಳುದ್ದದ ಯಂತ್ರ. ಅದು ಅಳೆದ ಶಾಖ ಮನೊಲಾಕೆಯ ಮೊಬೈಲಿಗೂ, ಈ ಸೋಲಾರ್ ತೋಟದ ಯಜಮಾನರಿದ್ದ ವಿಯೆನ್ನಾಕ್ಕೂ ಒಂದೇ ಗಳಿಗೆಯಲ್ಲಿ ಹೋಗುತ್ತಿತ್ತು. ಶಾಖ ಮೂವತ್ತೇಳು ದಾಟಿದರೆ ಮಧ್ಯಾಹ್ನದಿಂದ ಐದು ಗಂಟೆಯವರೆಗೆ ಕೆಲಸ ನಿಲ್ಲಬೇಕು, ಕೂಲಿ ಹಿಡಿಯಬಾರದು ಅಂತ ವಿಯೆನ್ನಾದವರೇ ಗೇಟಿನಲ್ಲಿ ಬೋರ್ಡು ಬರೆಸಿದ್ದರು. ಪೆಟ್ಟಿಗೆ ಎಲ್ಲಿಡಬೇಕು ಅನ್ನುವುದನ್ನು ಮಾತ್ರ ಮನೊಲಾಕೆಗೆ ಬಿಟ್ಟಿದ್ದರು. ಅವನೋ ಇಡೀ ಬಯಲಲ್ಲಿದ್ದ ಒಂದೇ ಒಂದು ತೋಪನ್ನು ಹುಡುಕಿ ಇಟ್ಟಿದ್ದ. ನೀರಿನ ಟ್ಯಾಂಕರು ತೊಟ್ಟಿಕ್ಕುತ್ತ ನಿಲ್ಲುತ್ತಿದ್ದದ್ದೂ ಅಲ್ಲೇ.

ಮನೊಲಾಕೆಗೆ ಎಲ್ಲರೂ ಇಂಜಿನಿಯರ್ ಸಾಹೇಬ್ರು ಅನ್ನಬೇಕು. ಅವನು ಯಾವ ಕಾಲೇಜಿನ ಮೆಟ್ಟಿಲು ಹತ್ತಿದ್ದ ಅಂತ ನಿಸಿಪೆನಿ ಊರಲ್ಲಿ ಯಾರಿಗೂ ಗೊತ್ತಿಲ್ಲ. ಅವರಪ್ಪ ಹಿಂದೆ ಸಾಮೂಹಿಕ ಬೇಸಾಯ ಸಂಘದ ಅಧ್ಯಕ್ಷನಾಗಿದ್ದ. ಸಂಘ ಮುಳುಗಿದಾಗ ಡ್ಯಾನ್ಯೂಬ್ ನದಿ ದಡದ ಈ ಮರಳು ಭೂಮಿಯೆಲ್ಲ ಅದು ಹೇಗೋ ಆ ಮನೆಯವರ ಹೆಸರಿಗೆ ಬಂದಿತ್ತು. ಈಗ ಅದನ್ನು ವಿಯೆನ್ನಾದವರಿಗೆ ಗುತ್ತಿಗೆಗೆ ಕೊಟ್ಟು ಮನೊಲಾಕೆಯೇ ಅಲ್ಲಿ ಮೇಲ್ವಿಚಾರಕನಾಗಿದ್ದ. ಮೊನ್ನೆ ಮೊನ್ನೆಯವರೆಗೂ ಅಲ್ಲಿ ಕಲ್ಲಂಗಡಿ ಬೆಳೆಯುತ್ತಿದ್ದ ಗೇಣಿದಾರರು ಈಗ ಅದೇ ಮರಳಲ್ಲಿ ಹಲಗೆ ಹೊರುತ್ತಿದ್ದರು. ಆ ಹಲಗೆಗಳ ಕರೆಂಟು ತಂತಿಯ ಮೇಲೆ ಊರನ್ನು ದಾಟಿ ಎಲ್ಲಿಗೋ ಹೋಗುತ್ತಿತ್ತು. ಊರಿನಲ್ಲಿ ಸಂಜೆಯಾದರೆ ಬಲ್ಬು ಮಿಣಿಮಿಣಿ.

ಗ್ರಿಗೋರೆ ಎದ್ದು ಹಲಗೆ ಎತ್ತಿಯೇ ಬಿಟ್ಟ. ಸ್ಮಾರಾಂದಳೂ ತನ್ನ ತುದಿಗೆ ಕೈ ಕೊಟ್ಟಳು. ಹಿಂದೊಮ್ಮೆ ಬಿಸಿಲಿಗೆ ಅವನು ಬಿದ್ದು ಕ್ರಾಯೋವಾ ಪಟ್ಟಣದ ಆಸ್ಪತ್ರೆಗೆ ಸೇರಿದಾಗ ಡಾಕ್ಟರಮ್ಮ ಮುಚ್ಚುಮರೆ ಇಲ್ಲದೆ ಹೇಳಿದ್ದಳು, ಈ ಹೃದಯ ಇನ್ನೊಂದು ಸಲ ಬಿಸಿಲಿಗೆ ಬಿದ್ದರೆ ಏಳುವುದಿಲ್ಲ, ಮಧ್ಯಾಹ್ನ ಇವನನ್ನು ನೆರಳಲ್ಲಿ ಕೂರಿಸು ಅಂತ. ಕೂರಿಸುವುದು ಹೇಗೆ? ಮನೊಲಾಕೆ ಬಿಡುವುದಿಲ್ಲ ಅನ್ನುವುದು ಒಂದು ಕಡೆಗಿರಲಿ, ಈ ಗಂಡಪ್ರಾಣಿಯೇ ಕೇಳಬೇಕಲ್ಲ. ಅವನಿಗೆ ಟೀವಿಯಲ್ಲಿ ಹವಾಮಾನ ಹೇಳುವ ಹೆಣ್ಣುಮಗಳ ಮಾತೆಂದರೆ ವೇದವಾಕ್ಯ. ಸಂಜೆ ಅವಳು ಬಂದಳೆಂದರೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂರುವನು. ಅವಳು ಮೂವತ್ತಾರು ಅಂದರೆ ಮುಗಿಯಿತು, ಮಾರನೆಯ ದಿನ ಬೆವರು ಧಾರಾಕಾರ ಹರಿದರೂ ಅದು ತನ್ನ ಮೈಯದೇ ತಪ್ಪು.

ಊಟದ ಹೊತ್ತಿಗೆ ಜೋಳದ ಮುದ್ದೆ, ಈರುಳ್ಳಿ ಬಿಚ್ಚಿಕೊಂಡು ಕೂತಾಗ ಇದೇ ಜಗಳ. ಅವರ ಜೊತೆಗೇ ಹಲಗೆ ಹೊರುವ ತಾನಾಸೆ ಅಜ್ಜನ ಪ್ರಕಾರ ಸರ್ಕಾರ ಯಾವತ್ತೂ ನಲವತ್ತು ಅಂತ ಬಾಯಿಬಿಡುವುದಿಲ್ಲ. ಹಿಂದೆ ಕಮ್ಯುನಿಸ್ಟರ ಕಾಲದಲ್ಲಿ ನಲವತ್ತು ಅಂದರೆ ಕಾರ್ಖಾನೆ ಮುಚ್ಚಬೇಕಾಗುತ್ತಿತ್ತಂತೆ, ಅದಕ್ಕೇ ಕೋಳಿ ಮೊಟ್ಟೆ ಕಲ್ಲಿನ ಮೇಲೆ ಬೇಯುತ್ತಿದ್ದರೂ ರೇಡಿಯೋದಲ್ಲಿ ಮೂವತ್ತೊಂಬತ್ತಕ್ಕೆ ನಿಲ್ಲಿಸುತ್ತಿದ್ದರಂತೆ. ಪಕ್ಕದ ಮನೆಯ ಲಿಕ್ಸಾಂದ್ರ, ಗಂಡ ಸತ್ತವಳು, ಬಾಯಿ ಜೋರು. ಈ ಹಾಳು ಕರಿ ಹಲಗೆಗಳೇ ಮೋಡವನ್ನು ಓಡಿಸುತ್ತಿವೆ ಅನ್ನುವುದು ಅವಳ ವಾದ.

“ಓದಿರೋರು ಅಳದು ಹೇಳ್ತಾರೆ. ನೀವು ಓದ್ದೆ ಇರೋರು ಬಾಯಿಗೆ ಬಂದಂಗೆ ಮಾತಾಡ್ತೀರ” ಅಂದ ಗ್ರಿಗೋರೆ, ತುಟಿ ನೀಲಿ ಬಣ್ಣಕ್ಕೆ ತಿರುಗಿದ್ದರೂ.

“ಓದಿರೋರು ಇಲ್ಲಿಗೆ ಬಂದು ಒಂದು ಹಲಗೆ ಹೊರ್ಲಿ. ಆಮೇಲೆ ಅಳೀಲಿ” ಅಂದಳು ಸ್ಮಾರಾಂದ.

ಆ ದಿನ ಅವಳ ಬುಟ್ಟಿಯಲ್ಲಿ ಮುದ್ದೆಯ ಜೊತೆಗೆ ಒಂದು ಕೋಳಿಯೂ, ಅದು ಕಾವು ಬಿಟ್ಟು ಏಳದಿರಲೆಂದು ಅಡಿಗೆ ಒಣಹುಲ್ಲು, ನಾಲ್ಕು ಮೊಟ್ಟೆಯೂ ಇದ್ದವು. ನಿಸಿಪೆನಿಯಲ್ಲಿ ಕಾವಿಗೆ ಕೂತ ಕೋಳಿಯನ್ನು ಒಬ್ಬರಿಗೊಬ್ಬರು ಎರವಲು ಕೊಡುವುದು ರೂಢಿ. ಮೊಟ್ಟೆ ಒಬ್ಬಳ ಮನೆಯದು, ಕಾವು ಇನ್ನೊಬ್ಬಳ ಮನೆಯದು. ಲಿಕ್ಸಾಂದ್ರಳ ಕೋಳಿಗಳು ಕಾವಿಗೆ ಕೂರದ ಬಿನ್ನಾಣಗಿತ್ತಿಯರು, ಹಾಗಾಗಿ ಸ್ಮಾರಾಂದ ತನ್ನ ಕಂದು ಕೋಳಿಯನ್ನು ಅವಳಿಗೆ ಕೊಡಲು ತಂದಿದ್ದಳು. ಲಿಕ್ಸಾಂದ್ರ ಅದರ ಹೊಟ್ಟೆಯ ಕೆಳಗೆ ಕೈ ಹಾಕಿ ಸರಕ್ಕನೆ ತೆಗೆದಳು.

“ಅಬ್ಬಬ್ಬ, ಒಲೆ ಕಣಕ್ಕ ಇದು. ಟೀವಿಯವರು ಇಲ್ಲಿಗೆ ಬಂದು ಅಳೀಬೇಕು.”

ಅಷ್ಟು ಹೇಳಿ ಅವಳು ತೋಪಿನ ಕಡೆಗೆ ನೋಡಿದಳು. ಸ್ಮಾರಾಂದಳೂ ನೋಡಿದಳು. ಬಿಳಿ ಪೆಟ್ಟಿಗೆ ಅಲ್ಲಿ ತಣ್ಣಗೆ ಕೂತಿತ್ತು, ಬಾಗಿಲಿಗೆ ಒಂದು ಚಿಲಕ ಬಿಟ್ಟರೆ ಬೀಗವಿಲ್ಲ. ಇಬ್ಬರಿಗೂ ನಗು ಉಕ್ಕಿ ಬಂತು, ಸೆರಗು ಇಲ್ಲದ ಕಾರಣ ತಲೆವಸ್ತ್ರದ ತುದಿಯನ್ನೇ ಬಾಯಿಗೆ ತುರುಕಿಕೊಂಡರು.

ನೀರು ಹಿಡಿಯುವ ನೆಪದಲ್ಲಿ ಸ್ಮಾರಾಂದ ಟ್ಯಾಂಕರಿನ ಮರೆಗೆ ಹೋದಳು. ಪೆಟ್ಟಿಗೆಯೊಳಗೆ ಒಣಹುಲ್ಲು, ಅದರ ಮೇಲೆ ನಾಲ್ಕು ಮೊಟ್ಟೆ, ಮೊಟ್ಟೆಯ ಮೇಲೆ ಕೋಳಿ. ಕತ್ತಲು, ತಂಪು, ಯಾರ ಕಾಟವೂ ಇಲ್ಲ. ಕೋಳಿಗೆ ಇನ್ನೇನು ಬೇಕು? ಬೆರಳುದ್ದದ ಯಂತ್ರವನ್ನು ರೆಕ್ಕೆಯ ಕೆಳಗೆ ಸೇರಿಸಿಕೊಂಡು, ಗರಿ ಉಬ್ಬಿಸಿ, ಕಣ್ಣು ಮುಚ್ಚಿತು.

ಸ್ವಲ್ಪ ಹೊತ್ತಿಗೆ ಮನೊಲಾಕೆ ತನ್ನ ಎಸಿ ಡಬ್ಬಿಯಿಂದ ಹೊರಗೆ ಬಂದ. ಡಬ್ಬಿ ಅಂದರೆ ಹಡಗಿನ ಕಬ್ಬಿಣದ ಕಂಟೇನರು, ಅದೇ ಅವನ ಆಫೀಸು. ಮೊಬೈಲನ್ನು ಅಂಗೈಗೆ ಬಡಿದ, ಉಜ್ಜಿದ, ಮತ್ತೆ ನೋಡಿದ. ಅಷ್ಟರಲ್ಲಿ ಅದು ಹೊಡೆದುಕೊಳ್ಳತೊಡಗಿತು. ವಿಯೆನ್ನಾದಿಂದ ಫೋನು. ನಲವತ್ತೊಂದು ಡಿಗ್ರಿಯಲ್ಲಿ ಜನರನ್ನು ದುಡಿಸುತ್ತಿದ್ದೀಯಾ, ಯಾರಾದರೂ ಸತ್ತರೆ ಪತ್ರಿಕೆಯಲ್ಲಿ ಬರುವುದು ನಮ್ಮ ಹೆಸರು, ಈಗಿಂದೀಗಲೇ ನಿಲ್ಲಿಸು ಅಂತ. ಯಂತ್ರ ಕೆಟ್ಟಿದೆ ಅನ್ನುವ ಹಾಗೂ ಇಲ್ಲ. ಯಂತ್ರ ಸುಳ್ಳು ಹೇಳುವುದಿಲ್ಲ ಅಂತ ಅಲ್ಲಿಯ ತನಕ ಆಣೆ ಮಾಡಿದ ಬಾಯಿಯೇ ಅದು.

“ಹೋಗಿ, ಬಿದ್ಕಳ್ಳಿ ಸೂಳೆಮಕ್ಳ” ಎಂದು ಕೈ ಬೀಸಿ ಒಳಗೆ ಹೋದ.

ಎಲ್ಲರೂ ಹಲಗೆಗಳ ಅಡಿಯ ನೆರಳಿಗೆ ಸರಿದರು. ಗ್ರಿಗೋರೆ ತಲೆಯ ಕೆಳಗೆ ಟೋಪಿ ಇಟ್ಟುಕೊಂಡು ಗೊರಕೆ ಹೊಡೆದ. ಸ್ಮಾರಾಂದ ಅವನ ಎದೆ ಏರಿಳಿಯುವುದನ್ನೇ ನೋಡುತ್ತ ಕೂತಳು. ಎಷ್ಟೋ ದಿನದ ಮೇಲೆ ಅವಳ ಜೀವಕ್ಕೆ ಹಾಯೆನಿಸಿತು. ಐದು ಗಂಟೆಗೆ ಮನೊಲಾಕೆಯ ಕಾರು ಹೊರಟ ಮೇಲೆ ಕೋಳಿಯನ್ನೂ ಮೊಟ್ಟೆಗಳನ್ನೂ ಬುಟ್ಟಿಗೆ ತುಂಬಿಕೊಂಡು ಮನೆಗೆ ಒಯ್ದಳು. ಮಾರನೆಯ ದಿನ ಟ್ಯಾಂಕರು ಬಂದ ಹೊತ್ತಿಗೆ ಮತ್ತೆ ಕೂರಿಸಿದಳು.

ಗ್ರಿಗೋರೆಗೆ ಇದರ ಸುಳಿವು ಕೊಡಲಿಲ್ಲ. ಕೊಟ್ಟರೆ ಓದಿದವರಿಗೆ ದ್ರೋಹ ಮಾಡಿದಿರಿ ಅಂತ ಅವನೇ ಹೋಗಿ ಒಪ್ಪಿಸಿಬಿಡುವ ಆಸಾಮಿ. ಇತ್ತ ಆ ನಲವತ್ತೊಂದನ್ನು ಕ್ರಾಯೋವಾದ ಟೀವಿಯವರು ಅದೆಲ್ಲಿಂದಲೋ ಹೆಕ್ಕಿಕೊಂಡರು. ಸಂಜೆ ಆ ಹೆಣ್ಣುಮಗಳು ಭೂಪಟದ ಮೇಲೆ ಬೆರಳಿಟ್ಟು, ದೇಶದಲ್ಲೇ ಅತಿ ಬಿಸಿಯಾದ ಊರು ನಿಸಿಪೆನಿ ಅಂದಳು. ಗ್ರಿಗೋರೆ ತಕ್ಷಣ ಅಂಗಿಯ ಗುಂಡಿ ಬಿಚ್ಚಿದ.

“ಅಯ್ಯಯ್ಯೋ, ಏನ್ ಸೆಕೆ ಅಮ್ಮಿ. ಕಿಟಕಿ ತೆಗಿ. ನಲವತ್ತೊಂದಂತೆ.”

ಸ್ಮಾರಾಂದ ಕಿಟಕಿ ತೆಗೆದಳು. ಬೇಸಿಗೆಯೆಲ್ಲ ಬೆಂದವನಿಗೆ ಟೀವಿ ಹೇಳಿದ ಮೇಲೆ ಸೆಕೆ ಹತ್ತಿತಲ್ಲ ಅಂತ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೇಗೋ, ನೆರಳಲ್ಲಿ ಕೂರಲು ಅವನೇ ಒಪ್ಪಿದನಲ್ಲ, ಅಷ್ಟು ಸಾಕು ಅಂದುಕೊಂಡಳು.

ಕೆಟ್ಟದ್ದು ಅಲ್ಲೇ. ಟೀವಿಯಲ್ಲಿ ಬಂದ ಮೇಲೆ ಟೀವಿಯವರೂ ಬರಬೇಕಲ್ಲ. ಮಟಮಟ ಮಧ್ಯಾಹ್ನ ಒಂದು ವ್ಯಾನು ಬಂದು ನಿಂತಿತು. ಅದರಿಂದ ಮೈಕು ಹಿಡಿದ ಹುಡುಗಿ, ಕ್ಯಾಮೆರಾ ಹೊತ್ತವನು ಇಳಿದರು. ಮನೊಲಾಕೆ ಟೈ ಕಟ್ಟಿಕೊಂಡು ಹೊರಬಂದ. ಕೂಲಿಯವರ ಆರೋಗ್ಯವೇ ತನಗೆ ದೇವರು ಅಂತ ಕ್ಯಾಮೆರಾಗೆ ಹೇಳಿದ. ಹುಡುಗಿ ಗ್ರಿಗೋರೆಯ ಬಾಯಿಗೂ ಮೈಕು ಹಿಡಿದಳು. ಅವನು ಟೋಪಿ ತೆಗೆದು ನೆಟ್ಟಗೆ ನಿಂತು, ಬೆಂಕಿ ಕಣಮ್ಮ, ನೀವು ಹೇಳಿದಂಗೇ ಐತೆ, ಒಂದು ಡಿಗ್ರಿ ಹೆಚ್ಚಿಲ್ಲ ಕಮ್ಮಿ ಇಲ್ಲ ಅಂದ. ಸ್ಮಾರಾಂದ ಲಿಕ್ಸಾಂದ್ರಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಯಾಕೆಂದರೆ ಮನೊಲಾಕೆ ಆಗಲೇ ತೋಪಿನ ಕಡೆಗೆ ನಡೆದಿದ್ದ, ನಮ್ಮ ಯಂತ್ರ ತೋರಿಸುತ್ತೇನೆ ಬನ್ನಿ ಅಂತ.

ಚಿಲಕ ತೆಗೆದ. ಕೋಳಿ ಕಣ್ಣು ಬಿಟ್ಟು ಅವನನ್ನು ನೋಡಿತು. ಕಾವಿಗೆ ಕೂತ ಕೋಳಿಯ ಸಿಟ್ಟು ಗೊತ್ತಲ್ಲ, ಕೊರ್ ಅಂದು ಅವನ ಮೂಗಿನ ತುದಿಯನ್ನು ಕುಕ್ಕಿತು.

ಕ್ಯಾಮೆರಾದವನು ನಕ್ಕ ನಗೆಗೆ ಕ್ಯಾಮೆರಾ ಕುಣಿಯಿತು. ಹುಡುಗಿ ಕಣ್ಣೀರು ಒರೆಸಿಕೊಂಡು, ಮೈಕಿನಲ್ಲಿ ಅಂದಳು, “ನಿಸಿಪೆನಿಯ ದಾಖಲೆ ಬಿಸಿಲು ಒಂದು ಕೋಳಿಯದು. ಇಲ್ಲಿಯ ಮುಗ್ಧ ಜನ ಅದನ್ನೇ ನಂಬಿ ಸೆಕೆ ಪಡುತ್ತಿದ್ದರು.” ಹೇಳುವಾಗ ಗ್ರಿಗೋರೆಯ ಕಡೆಗೆ ಕೈ ಮಾಡಿ ತೋರಿಸಿದಳು. ಅವರಿಗೆ ಬೇಕಾದದ್ದು ಸಿಕ್ಕಿತ್ತು. ವ್ಯಾನು ಮರಳೆಬ್ಬಿಸಿಕೊಂಡು ಹೊರಟುಹೋಯಿತು.

ಗ್ರಿಗೋರೆಯ ಟೋಪಿ ಇನ್ನೂ ಕೈಯಲ್ಲೇ ಇತ್ತು. ಜೀವಮಾನವೆಲ್ಲ ಟೀವಿಯನ್ನು ನಂಬಿದ್ದವನನ್ನು ನೋಡಿ ಟೀವಿಯೇ ನಕ್ಕು ಹೋಗಿತ್ತು.

ಮನೊಲಾಕೆ ಕೋಳಿಯ ಕಾಲು ಹಿಡಿದು ಎಳೆದು ಮರಳಿಗೆ ಎಸೆದ. ಮೊಟ್ಟೆಗಳನ್ನು ಬೂಟಿನಿಂದ ತುಳಿದ. ಮೂಗಿನಿಂದ ರಕ್ತ ಇಳಿಯುತ್ತಿತ್ತು.

“ಯಾವಳದ್ದು ಈ ಕೋಳಿ?”

“ಸರ್ಕಾರದ್ದಿರಬೇಕು ಸಾಹೇಬ್ರೆ” ಅಂದಳು ಲಿಕ್ಸಾಂದ್ರ, “ಅಳತೆ ಇಲಾಖೆದು.”

ಹಲಗೆಗಳ ಅಡಿಯಿಂದ ಕಿಸಕ್ಕೆಂದು ನಗು ಕೇಳಿತು. ಮನೊಲಾಕೆಯ ಮುಖ ಕೆಂಪಾಯಿತು. ಮೊಬೈಲ್ ಎತ್ತಿ ಹಿಡಿದು, ಮತ್ತೆ ಮೂವತ್ತಾರು ಬಂತು, ಈಗ ಏಳದ ನಾಯಿಗಳಿಗೆ ನಾಳೆಯಿಂದ ಗೇಟು ಮುಚ್ಚಿದೆ ಅಂದ. ತಾನಾಸೆ ಅಜ್ಜ ಮೊಣಕಾಲು ಹಿಡಿದುಕೊಂಡು ಎದ್ದ. ಇನ್ನೊಬ್ಬಿಬ್ಬರು ಎದ್ದರು. ಗ್ರಿಗೋರೆ ಟೋಪಿ ತಲೆಗಿಟ್ಟುಕೊಂಡು ನೆರಳಿನಿಂದ ಹೊರಗೆ ಕಾಲಿಟ್ಟ.

ಸ್ಮಾರಾಂದ ಅವನ ತೋಳು ಹಿಡಿದಳು. “ಬ್ಯಾಡ ಕಣಯ್ಯ. ಕೋಳಿ ಇಟ್ಟೋಳು ನಾನೇ. ನನ್ನ ಬೇಕಾದ್ರೆ ಬಡಿ, ಆ ಹಲಗೆ ಮಾತ್ರ ಮುಟ್ಟಬ್ಯಾಡ. ನೀನು ಸತ್ತೋದ್ರೆ ನಾನೇನ್ ಮಾಡ್ಲಿ?”

ಅವನು ಅವಳನ್ನು ಒಂದು ಸಲ ನೋಡಿ ತೋಳು ಬಿಡಿಸಿಕೊಂಡ. ಲಾರಿಯ ಕಡೆಗೆ ಹೋಗಲಿಲ್ಲ. ನೆಟ್ಟಗೆ ತೋಪಿಗೆ ನಡೆದ. ಬಿಳಿ ಪೆಟ್ಟಿಗೆಯ ಕಂಬವನ್ನು ಎರಡು ಕೈಯಲ್ಲಿ ತಬ್ಬಿ ಅಲ್ಲಾಡಿಸಿದ. ಮರಳಲ್ಲಿ ನೆಟ್ಟ ಕಂಬ, ಮೂಲಂಗಿ ಕಿತ್ತಷ್ಟೇ ಸಲೀಸಾಗಿ ಬಂತು. ಪೆಟ್ಟಿಗೆಯ ಸಮೇತ ಹೆಗಲಿಗಿಟ್ಟುಕೊಂಡು ಸುಡುವ ಬಯಲಿನ ನಡುವೆ ಬಂದ.

“ಲೇ, ಯಂತ್ರ ಕಣೋ ಅದು. ಇಳಿಸು” ಎಂದು ಮನೊಲಾಕೆ ಹಿಂದೆ ಓಡಿಬಂದ.

“ಗೊತ್ತು ಸಾಹೇಬ್ರೆ. ಯಂತ್ರ ಸುಳ್ಳು ಹೇಳಲ್ಲ” ಅಂದ ಗ್ರಿಗೋರೆ. ಅರ್ಧ ಜೋಡಿಸಿದ ಚೌಕಟ್ಟುಗಳ ನಡುವೆ, ಬೆಳಗಿನಿಂದ ತಾನೂ ಹೆಂಡತಿಯೂ ಹಲಗೆ ಹೊತ್ತು ತಿರುಗಿದ ಜಾಗದಲ್ಲೇ ಕಂಬವನ್ನು ಮರಳಿಗೆ ಒತ್ತಿ ನಿಲ್ಲಿಸಿದ. ಬಾಗಿಲು ತೆಗೆದು ಒಳಗಿನ ಹುಲ್ಲನ್ನೆಲ್ಲ ಕೈಯಿಂದ ಗುಡಿಸಿ ಶುಚಿ ಮಾಡಿದ. ಚಿಲಕ ಹಾಕಿದ. “ನಾವು ದುಡಿಯೋದು ಇಲ್ಲಿ. ಇಲ್ಲಿ ಅಳೀಲಿ. ಮೂವತ್ತಾರು ಅಂದ್ರೆ ನಾನೊಬ್ನೇ ಆ ಲಾರಿ ಇಳಿಸ್ತೀನಿ.”

ವಾಪಸು ಬರುವಾಗ ಅವನ ಕಾಲು ತೂರಾಡಿತು. ಸ್ಮಾರಾಂದ ಓಡಿಹೋಗಿ ಕಂಕುಳಿಗೆ ಕೈ ಕೊಟ್ಟು ನೆರಳಿಗೆ ತಂದು ಮಲಗಿಸಿದಳು, ಎದೆಯ ಮೇಲೆ ಬಾಟಲಿಯ ನೀರು ಸುರಿದಳು. ಅವನ ಎದೆ ಅವಳ ಅಂಗೈಯ ಕೆಳಗೆ ಡವಗುಟ್ಟುತ್ತಿತ್ತು. ನಿಲ್ಲಬೇಡ, ನಿಲ್ಲಬೇಡ ಅಂತ ಅವಳು ಒಳಗೇ ಗದರುತ್ತಿದ್ದಳು. ಎದ್ದಿದ್ದ ತಾನಾಸೆ ಅಜ್ಜ ಬಂದು ಪಕ್ಕದಲ್ಲಿ ಕೂತ. ಉಳಿದವರೂ ಕೂತರು.

ಬಯಲಲ್ಲಿ ಪೆಟ್ಟಿಗೆಯ ಹತ್ತಿರ ಮನೊಲಾಕೆ ಒಬ್ಬನೇ ನಿಂತಿದ್ದ. ಕಂಬ ಕೀಳೋಣವೆಂದು ಕೈ ಹಾಕಿದ, ಅಷ್ಟರಲ್ಲೇ ಬಿಸಿಲಿಗೆ ಕಾದಿದ್ದ ಕಬ್ಬಿಣ ಚುರ್ ಅಂತು, ಕೈ ಕೊಡವಿಕೊಂಡ. ಮೊಬೈಲ್ ತೆಗೆದು ನೋಡಿದ. ಬಿಸಿಲ ಝಳಕ್ಕೆ ಅದರಲ್ಲೇನೂ ಕಾಣುತ್ತಿರಲಿಲ್ಲ. ಕಣ್ಣು ಕಿರಿದು ಮಾಡಿದ, ಟೈಯನ್ನೇ ಮರೆ ಹಿಡಿದ. ಕೊನೆಗೆ ಅಂಕಿ ಓದಲಾದರೂ ಬೇಕಲ್ಲ ಅಂತ ಹಲಗೆಗಳ ಕಡೆಗೆ ಬಂದು, ಬಗ್ಗಿ, ಮೊಣಕಾಲೂರಿ ತಲೆಯನ್ನು ನೆರಳಿಗೆ ಚಾಚಿದ.

“ಸ್ವಲ್ಪ ಸರ್ಕಳ್ಳಿ” ಅಂದ. ದನಿಯಲ್ಲಿ ಬೈಗುಳ ಇರಲಿಲ್ಲ.

ಲಿಕ್ಸಾಂದ್ರ ಮಡಚಿದ್ದ ಕಾಲನ್ನು ನಿಧಾನವಾಗಿ ಉದ್ದಕ್ಕೆ ಚಾಚಿದಳು. ತಾನಾಸೆ ಅಜ್ಜ ಮಗ್ಗುಲಾದ. ಸ್ಮಾರಾಂದ ಗಂಡನ ಎದೆಯ ಮೇಲಿನ ಕೈ ತೆಗೆಯದೆ, “ಜಾಗ ಇಲ್ಲ ಸಾಹೇಬ್ರೆ” ಅಂದಳು.

ಅವನ ಕೈಯಲ್ಲಿ ಮೊಬೈಲ್ ಹೊಡೆದುಕೊಳ್ಳತೊಡಗಿತು, ಮತ್ತೆ ವಿಯೆನ್ನಾದಿಂದ. ಅವನು ಎತ್ತಲಿಲ್ಲ. ಬೆನ್ನು ಬಿಸಿಲಲ್ಲಿ, ಮೊಣಕಾಲು ಮರಳಲ್ಲಿ ಇಟ್ಟುಕೊಂಡು, ಯಾರಾದರೂ ಸರಿದಾರೇನೋ ಅಂತ ನೋಡುತ್ತ ಹಾಗೇ ಕೂತಿದ್ದ.